ಮೈಲೇಜೂ ಬೇಕು, ಮಳೆಯಲ್ಲಿ ಹಿಡಿತವೂ ಬೇಕು

ಟೈರ್ ಅಂಗಡಿಗಳಲ್ಲಿ ಮೊದಲು ಕೇಳೋದೇ, "ಮೈಲೇಜ್ ಟೈರ್ ಕೊಡ್ಲಾ ಸಾರ್?" ಬೆಂಗಳೂರಲ್ಲಿ ಆಫೀಸಿಗೆ ಓಡಾಡೋಕೆ ಅದು ಸಾಕು. ಆದರೆ ಜುಲೈನಲ್ಲಿ ಅದೇ ಕಾರಲ್ಲಿ ಅಮ್ಮ, ಮಗಳನ್ನು ಕೂರಿಸಿಕೊಂಡು ನಾನು ಶಿರಾಡಿ ಘಾಟಿ ಇಳಿಯಬೇಕು. ಹಾಗಾಗಿ ನನ್ನ ಮೊದಲ ಪ್ರಶ್ನೆ ಒದ್ದೆ ರಸ್ತೆಯ ಹಿಡಿತದ್ದು.

ಉರುಳುವಾಗ ಟೈರಿನ ರಬ್ಬರ್ ಬಾಗಿ ಬಿಸಿಯಾಗುತ್ತೆ. ಒಂದಷ್ಟು ಪೆಟ್ರೋಲ್ ಅದಕ್ಕೇ ಹೋಗುತ್ತೆ. ಈ ನಷ್ಟ ಕಮ್ಮಿಯಾದಷ್ಟೂ ಬಿಇಇ ಲೇಬಲ್‌ನಲ್ಲಿ ಸ್ಟಾರ್ ಜಾಸ್ತಿ. ಆದರೆ ಅದು ಇಂಧನದ ಲೆಕ್ಕ. ಮಳೆಯಲ್ಲಿ ಬ್ರೇಕ್ ಒತ್ತಿದರೆ ಕಾರು ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಸ್ಟಾರ್ ಹೇಳಲ್ಲ. ಸಿಲಿಕಾ ಬೆರೆಸಿದ ಟೈರ್ ಎರಡನ್ನೂ ತಕ್ಕಮಟ್ಟಿಗೆ ಸರಿದೂಗಿಸುತ್ತೆ, ಅದನ್ನೇ ಕೇಳಿ.

ಪಕ್ಕದಲ್ಲಿರೋ ನಾಲ್ಕಂಕಿಯನ್ನೂ ನೋಡಿ. 2325 ಅಂದರೆ 2025ರ 23ನೇ ವಾರ ತಯಾರಾದದ್ದು. ಗೆರೆಗಳ ಆಳ 1.6 ಮಿ.ಮೀ.ಗಿಂತ ಕಮ್ಮಿಯಾದರೆ ಕಾನೂನೇ ಒಪ್ಪಲ್ಲ. ನೀರನ್ನು ಹೊರಗೆ ತಳ್ಳೋದೇ ಆ ಗೆರೆಗಳು, ಹಾಗಾಗಿ ಘಾಟಿ ದಾರಿಯವರು 3 ಮಿ.ಮೀ.ಗೇ ಬದಲಿಸೋದು ಒಳ್ಳೇದು. ಎರಡೇ ಹೊಸ ಟೈರ್ ಹಾಕಿಸೋದಾದರೆ ಹಿಂದಿನ ಚಕ್ರಗಳಿಗೆ ಹಾಕಿಸಿ. ತಿರುವಿನಲ್ಲಿ ಹಿಂಭಾಗ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತೆ, ಹಿಡಿತಕ್ಕೆ ತರೋದು ಕಷ್ಟ.

ಇನ್ನು ಮೈಲೇಜ್? ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿದ್ದಾಗ, ಡ್ರೈವರ್ ಬಾಗಿಲ ಬಳಿಯ ಸ್ಟಿಕ್ಕರ್‌ನಲ್ಲಿ ಹೇಳಿರೋಷ್ಟು ಗಾಳಿ ಇದೆಯಾ ನೋಡಿ. ಗಾಳಿ ಕಮ್ಮಿ ಇದ್ದರೆ ಐದು ಸ್ಟಾರ್ ಟೈರೂ ಪೆಟ್ರೋಲ್ ಕುಡಿಯುತ್ತೆ.