ಅರ್ಜಿ ಮ್ಯೂನಿಕ್‌ನಲ್ಲಿ, ವಿಚಾರಣೆ ಮೊಳಕಾಲ್ಮೂರಿನಲ್ಲಿ

ಮೊಳಕಾಲ್ಮೂರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ನಡುಮನೆಯಲ್ಲಿ ಗುಂಡಿ ಮಗ್ಗ, ಅದರೊಳಗೆ ಕಾಲು ಇಳಿಬಿಟ್ಟು ಸೀರೆಯ ಅಂಚು ನೇಯುತ್ತಿರುವ ಯಜಮಾನ, ಜಗಲಿಯ ಮೇಲೆ ಅಜ್ಜಿ. ಬಾಗಿಲಿಗೆ ಬಂದ ಪೊಲೀಸ್ ಪೇದೆ ಕೈಯಲ್ಲಿದ್ದ ಮೊಬೈಲ್ ನೋಡಿಕೊಂಡು ಹೆಸರು ಹಿಡಿದು ಕೇಳುತ್ತಾನೆ: 'ಈ ಹುಡುಗ ಇದೇ ಮನೇಲಿ ಅದಾನೇನಮ್ಮ?'

ಅಜ್ಜಿ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಾಳೆ: 'ಇಲ್ಲಪ್ಪಾ, ಅವನೆಲ್ಲಿ ಅದಾನೆ? ಊರು ಬಿಟ್ಟು ಎರಡು ವರ್ಷ ಆತು. ಅದೆಂಥದೋ ಜರ್ಮನಿಯಂತೆ.'

ಅಜ್ಜಿ ಸುಳ್ಳು ಹೇಳಲಿಲ್ಲ. ಪೇದೆಯೂ ಕೇಳಬಾರದ್ದನ್ನು ಕೇಳಲಿಲ್ಲ. ಆದರೆ ಆತನ ವರದಿಯಲ್ಲಿ 'ಈ ವಿಳಾಸದಲ್ಲಿ ವಾಸವಿಲ್ಲ' ಎಂಬ ಮೂರು ಪದ ಬಿದ್ದರೆ, ಅವು ಚಿತ್ರದುರ್ಗದ ಎಸ್ಪಿ ಕಚೇರಿ ದಾಟಿ, ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ ದಾಟಿ, ಮ್ಯೂನಿಕ್ ನಗರದ ಭಾರತೀಯ ಕಾನ್ಸುಲೇಟನ್ನು ಮುಟ್ಟುತ್ತವೆ. ಅಲ್ಲಿ ಅದೇ ಹುಡುಗ ಅವಧಿ ಮುಗಿಯಲು ಬಂದ ಪಾಸ್‌ಪೋರ್ಟ್ ಹಿಡಿದು ಕಾಯುತ್ತಿರುತ್ತಾನೆ. ಜರ್ಮನಿಯಲ್ಲಿ ವಿದ್ಯಾರ್ಥಿಯ ವಾಸದ ಪರವಾನಗಿಯನ್ನು ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ಪರವಾನಗಿ ತಪ್ಪಿದರೆ ಓದೂ ಉಳಿಯುವುದಿಲ್ಲ, ಸಂಜೆಯ ಕೆಲಸವೂ ಉಳಿಯುವುದಿಲ್ಲ. ಮನೆಗೆ ಪೇದೆ ಏಕೆ ಬರುತ್ತಾನೆಂದು ಮನೆಯವರಿಗೆ ಮೊದಲೇ ಒಂದು ಮಾತು ಹೇಳಿದ್ದರೆ ಇಷ್ಟು ರಾದ್ಧಾಂತ ಬೇಕಿರಲಿಲ್ಲ.

ಶೇಂಗಾ ಮತ್ತು ಎಣ್ಣೆ ಗಿರಣಿಗಳ ಚಳ್ಳಕೆರೆಯಿಂದಾಗಲಿ, ರೇಷ್ಮೆ ಸೀರೆಯ ಮೊಳಕಾಲ್ಮೂರಿನಿಂದಾಗಲಿ ಮಕ್ಕಳನ್ನು ಹೊರದೇಶಕ್ಕೆ ಓದಲು ಕಳಿಸುವ ತಂದೆತಾಯಿಯರ ಚಿಂತೆಯೆಲ್ಲ ಸೀಟು, ಬ್ಯಾಂಕ್ ಸಾಲ, ವೀಸಾ, ವಿಮಾನದ ಟಿಕೆಟ್ಟು. ಪಾಸ್‌ಪೋರ್ಟ್? ಅದು ಆಗಿಹೋದ ಕೆಲಸ ಎಂಬ ಭಾವನೆ. ಆದರೆ ಐದಾರು ವರ್ಷ ಓದುವ ಮಕ್ಕಳಲ್ಲಿ ಹಲವರು ಪರದೇಶದಲ್ಲಿದ್ದಾಗಲೇ ಇನ್ನೊಮ್ಮೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಬೇಕಾಗುತ್ತದೆ. ಆಗ ಕಾನ್ಸುಲೇಟಿನ ಗುಮಾಸ್ತ ನೋಡುವುದು ಹುಡುಗನ ಮುಖವನ್ನಲ್ಲ, ಊರಿನಿಂದ ಬಂದ ಕಾಗದಗಳನ್ನು. ಅವನ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು, ಅಪ್ಪನ ಹೆಸರು ಎಲ್ಲವೂ ಚಳ್ಳಕೆರೆ ತಾಲ್ಲೂಕಿನ ಯಾವುದೋ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಎಂದೋ ನಿರ್ಧಾರವಾಗಿ ಹೋಗಿವೆ.

ಐನೂರು ರೂಪಾಯಿಯ ಉಳಿತಾಯ

ಮೊದಲು ಅವಧಿಯ ಮಾತು. ವಯಸ್ಕರ ಪಾಸ್‌ಪೋರ್ಟಿಗೆ 10 ವರ್ಷ ಆಯಸ್ಸು. ಹದಿನೆಂಟು ತುಂಬದವರದಕ್ಕೆ 5 ವರ್ಷ ಅಥವಾ 18 ತುಂಬುವ ತನಕ, ಇವೆರಡರಲ್ಲಿ ಯಾವುದು ಮೊದಲೋ ಅಷ್ಟು. ಪಿಯುಸಿ ಓದುತ್ತಿರುವಾಗಲೇ 'ಇರಲಿ, ಒಂದು ಪಾಸ್‌ಪೋರ್ಟ್ ಮಾಡಿಸಿಬಿಡೋಣ' ಎಂದು ಹದಿನಾರನೇ ವಯಸ್ಸಿಗೆ ಮಾಡಿಸಿದರೆ ಅದು 18ನೇ ಹುಟ್ಟುಹಬ್ಬಕ್ಕೆ ಸತ್ತುಹೋಗುತ್ತದೆ. ಹುಡುಗಿ ಆಗ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ವೈದ್ಯಕೀಯ ಮೊದಲ ವರ್ಷದಲ್ಲಿರಬಹುದು!

ಇದಕ್ಕೆ ನಿಯಮದಲ್ಲೇ ದಾರಿ ಇದೆ. 15ರಿಂದ 18 ವರ್ಷದೊಳಗಿನವರು ಬೇಕೆಂದರೆ ಪೂರ್ತಿ 10 ವರ್ಷದ ಪಾಸ್‌ಪೋರ್ಟ್ ಕೇಳಬಹುದು. ಮಕ್ಕಳ ಪಾಸ್‌ಪೋರ್ಟಿಗೆ ಶುಲ್ಕ 1,000 ರೂಪಾಯಿ, ಹತ್ತು ವರ್ಷದ್ದಕ್ಕೆ 1,500. ಅರ್ಜಿಯಲ್ಲಿ ಗುರುತು ಹಾಕುವಾಗ ಐನೂರು ಉಳಿಯಿತೆಂದು ಸಂತೋಷಪಡುವವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಅದೇ 36 ಪುಟದ ಪುಸ್ತಕವನ್ನು ಹೊರದೇಶದ ಕಾನ್ಸುಲೇಟಿನಲ್ಲಿ ಮಾಡಿಸಿದರೆ ವಯಸ್ಕರಿಗೆ 75 ಡಾಲರ್. ಜೊತೆಗೆ ಸೇವಾ ಶುಲ್ಕ, ಅಂಚೆ ವೆಚ್ಚ, ಬೇರೆ ನಗರಕ್ಕೆ ಹೋಗಿಬರುವ ರೈಲು ಚಾರ್ಜು, ತಪ್ಪಿದ ತರಗತಿ.

ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದಲೇ ಅರ್ಜಿ ಹಾಕಲು ಅವಕಾಶವಿದೆ. ರಜೆಗೆ ಊರಿಗೆ ಬರುವ ಬೇಸಿಗೆ ಆ ವರ್ಷದೊಳಗೆ ಬಿದ್ದರೆ ಇಲ್ಲೇ ಮುಗಿಸಿಕೊಂಡು ಹೋಗುವುದು ಜಾಣತನ. ಹಿಂದೆ ಪಾಸ್‌ಪೋರ್ಟ್ ಎಂದರೆ ಬೆಂಗಳೂರಿನ ಬಸ್ ಹತ್ತಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನ ಪ್ರಧಾನ ಅಂಚೆ ಕಚೇರಿಯಲ್ಲಿ ಆರಂಭವಾದ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರದ ವ್ಯವಸ್ಥೆ ಈಗ ರಾಜ್ಯದ ಹಲವು ಕಡೆ ಹರಡಿದೆ. ಹಲವು ದೇಶಗಳು ಒಳಗೆ ಬಿಡಬೇಕಾದರೆ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಇರಬೇಕೆನ್ನುತ್ತವೆ ಎಂಬುದೂ ನೆನಪಿರಲಿ. ಪುಸ್ತಕದ ಮೇಲಿನ ಕೊನೆಯ ದಿನಾಂಕ ನಿಜವಾದ ಕೊನೆಯ ದಿನಾಂಕವಲ್ಲ.

ತಿಪ್ಪೇಸ್ವಾಮಿ ಎಂದರೆ ಯಾರು?

ಈ ಸೀಮೆಯ ನಿಜವಾದ ತೊಡಕು ಹೆಸರಿನದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರನ್ನು ಮಕ್ಕಳಿಗೆ ಇಡದ ಊರು ಈ ಎರಡು ತಾಲ್ಲೂಕುಗಳಲ್ಲಿ ಇದ್ದೀತೇ? ಒಂದೇ ತರಗತಿಯಲ್ಲಿ ನಾಲ್ವರು ತಿಪ್ಪೇಸ್ವಾಮಿಗಳು. ಒಬ್ಬ ಪಿ.ಟಿ., ಇನ್ನೊಬ್ಬ ಬಿ., ಮತ್ತೊಬ್ಬ ಓ. ಆ ಅಕ್ಷರಗಳಲ್ಲಿ ಒಂದು ಊರಿನದು, ಒಂದು ಅಪ್ಪನದು. ಅಪ್ಪ ಪಾಲಯ್ಯ, ಬೋರಯ್ಯ, ಓಬಯ್ಯ. ಮನೆತನದ ಹೆಸರನ್ನು ಕೊನೆಗೆ ಸೇರಿಸುವ ಪದ್ಧತಿ ಇತ್ತ ಅಷ್ಟಾಗಿ ಇಲ್ಲ. ಊರಿನಲ್ಲಿ ಯಾರಿಗೂ ಇದರಿಂದ ತೊಂದರೆಯಾಗಿಲ್ಲ. ತೊಂದರೆ ಆಗುವುದು ಅರ್ಜಿಯ ಎರಡು ಖಾನೆಗಳ ಮುಂದೆ ಕೂತಾಗ: ಒಂದು ಹೆಸರು, ಇನ್ನೊಂದು ಸರ್‌ನೇಮ್. ಕೆಳಗೆ ಸ್ಪಷ್ಟ ಸೂಚನೆ, ಇನಿಷಿಯಲ್ ಬರೆಯುವಂತಿಲ್ಲ.

ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ಸರ್‌ನೇಮ್ ಖಾನೆ ಖಾಲಿ ಬಿಡುತ್ತಾನೆ. ಪಾಸ್‌ಪೋರ್ಟೂ ಬರುತ್ತದೆ. ಆದರೆ ಅಮೆರಿಕದ ವೀಸಾ ಅರ್ಜಿಯಲ್ಲಿ ಒಂಟಿ ಹೆಸರಿದ್ದರೆ ಅದನ್ನು ಸರ್‌ನೇಮ್ ಜಾಗಕ್ಕೆ ಸರಿಸಿ, ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಗಿಡ್ಡ ರೂಪ ಅದು. ಅದು ವೀಸಾದಿಂದ ಕಾಲೇಜಿನ ಗುರುತು ಚೀಟಿಗೆ, ಬ್ಯಾಂಕ್ ಕಾರ್ಡಿಗೆ, ಡ್ರೈವಿಂಗ್ ಲೈಸೆನ್ಸಿಗೆ ಹರಿದು, ತಿಪ್ಪೇಸ್ವಾಮಿಯನ್ನು ಅಲ್ಲಿನವರು ಅಕ್ಷರಶಃ 'ಫ್ನೂ' ಎಂದು ಕೂಗುವಂತಾಗುತ್ತದೆ. ದುಬೈ ಕಡೆಯ ಕಥೆ ಬೇರೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಒಂಟಿ ಹೆಸರಿನ ಪಾಸ್‌ಪೋರ್ಟ್ ಇರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲವೆಂದು ಹೇಳಿ ಗಾಬರಿ ಹುಟ್ಟಿಸಿತು. ಆಮೇಲೆ ಪಾಸ್‌ಪೋರ್ಟಿನ ಇನ್ನೊಂದು ಪುಟದಲ್ಲಿ ತಂದೆಯ ಹೆಸರು ಇದ್ದರೆ ಆದೀತು ಎಂಬ ವಿವರಣೆ ಬಂತು.

ಇಂಗ್ಲಿಷ್ ಕಾಗುಣಿತದ ಗೋಳನ್ನಂತೂ ಕೇಳಲೇಬೇಡಿ. ಅಂಕಪಟ್ಟಿಯಲ್ಲಿ ತಿಪ್ಪೇಸ್ವಾಮಿಗೆ 'ಎಚ್' ಇದೆ, ಆಧಾರ್‌ನಲ್ಲಿ ಇಲ್ಲ. ಒಂದರಲ್ಲಿ ಕೊನೆಯ ಅಕ್ಷರ 'ವೈ', ಇನ್ನೊಂದರಲ್ಲಿ 'ಐ'. ಕನ್ನಡದಲ್ಲಿ ಓದಿದರೆ ಎಲ್ಲವೂ ಒಂದೇ. ಇಂಗ್ಲಿಷಿನಲ್ಲಿ ಓದುವವನಿಗೆ ಮೂವರು ಬೇರೆ ಬೇರೆ ಮನುಷ್ಯರು.

ಹಾಗಾದರೆ ಏನು ಮಾಡಬೇಕು? ಮೊದಲ ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮುಂಚೆಯೇ ಮನೆಮಂದಿ ಕೂತು ತೀರ್ಮಾನಿಸಬೇಕು. ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನು ಸರ್‌ನೇಮ್ ಮಾಡುವುದು ಹಲವರಿಗೆ ಒಗ್ಗಿದ ದಾರಿ. ಹಾಗೆ ಮಾಡಿದರೆ ಆಧಾರ್, ಪ್ಯಾನ್, ಬ್ಯಾಂಕ್ ಪುಸ್ತಕ ಎಲ್ಲವೂ ಅದೇ ಕಾಗುಣಿತಕ್ಕೆ ಬರಬೇಕು. ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದೇ ಇರುತ್ತದೆ. ಅದಕ್ಕೆ ಇಬ್ಬರೂ ಒಬ್ಬನೇ ಎಂಬ ಅಫಿಡವಿಟ್ ಒಂದನ್ನು ಹೋಗುವ ಮುಂಚೆಯೇ ಚಳ್ಳಕೆರೆಯ ನೋಟರಿ ಬಳಿ ಮಾಡಿಸಿಟ್ಟುಕೊಳ್ಳಬಹುದು. ಇದೇ ಕೆಲಸವನ್ನು ಪರದೇಶದಲ್ಲಿ ಮಾಡಹೊರಟರೆ ಕಷ್ಟ. ಹೆಸರೇ ಬದಲಾದರೆ ಸಾಮಾನ್ಯವಾಗಿ ಪ್ರಮಾಣಪತ್ರದ ಜೊತೆಗೆ ಎರಡು ಪತ್ರಿಕಾ ಪ್ರಕಟಣೆ ಕೇಳುತ್ತಾರೆ: ಒಂದು ಈಗಿರುವ ಊರಿನ ಪತ್ರಿಕೆಯಲ್ಲಿ, ಇನ್ನೊಂದು ಕಾಯಂ ವಿಳಾಸದ ಕಡೆಯ ಪತ್ರಿಕೆಯಲ್ಲಿ. ಜರ್ಮನ್ ಪತ್ರಿಕೆಯಲ್ಲಿ ಜಾಹೀರಾತು ಕೊಡಲು ಎಷ್ಟಾದೀತೆಂದು ವಿದ್ಯಾರ್ಥಿಯೇ ವಿಚಾರಿಸಿಕೊಳ್ಳಲಿ.

ಜೂನ್ ಒಂದರ ಮಕ್ಕಳು

ಹಳ್ಳಿಯ ಶಾಲೆಗಳಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ! ಮೇಷ್ಟರು ಮಗುವಿನ ಕೈಯನ್ನು ತಲೆಯ ಮೇಲಿನಿಂದ ಕಿವಿಗೆ ಮುಟ್ಟಿಸಿ, ಮುಟ್ಟಿತೆಂದರೆ ಜೂನ್ 1 ಎಂದು ಬರೆದುಕೊಂಡ ಕಾಲದ ಫಲ ಅದು. ಈಗಿನ ಮಕ್ಕಳಲ್ಲಿ ಇದು ಕಡಿಮೆ. ಆದರೂ ಆಸ್ಪತ್ರೆಯ ಜನನ ಪತ್ರದಲ್ಲಿ ಒಂದು ದಿನ, ಶಾಲೆಯಲ್ಲಿ ಇನ್ನೊಂದು ದಿನ ಇರುವುದು ನಿಂತಿಲ್ಲ.

1989ರ ಜನವರಿ 26ರಂದು ಮತ್ತು ಆಮೇಲೆ ಹುಟ್ಟಿದವರಿಗೆ ಜನನ ಪತ್ರವೇ ಬೇಕೆಂಬ ನಿಯಮವಿತ್ತು. 2016ರ ಡಿಸೆಂಬರಿನಲ್ಲಿ ಅದನ್ನು ಸಡಿಲಿಸಿ ಎಸ್ಸೆಸ್ಸೆಲ್ಸಿ ಪತ್ರ, ಪ್ಯಾನ್ ಮೊದಲಾದವನ್ನೂ ಒಪ್ಪಿದರು. 2025ರ ತಿದ್ದುಪಡಿಯ ಪ್ರಕಾರ 2023ರ ಅಕ್ಟೋಬರ್ 1ರಂದು ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಮತ್ತೆ ಜನನ ಪತ್ರವೊಂದೇ ಆಧಾರ. ಈಗ ಕಾಲೇಜಿನಲ್ಲಿರುವವರಿಗೆ ಅಂಕಪಟ್ಟಿ ಸಾಕು ಎಂದಾಯಿತು. ಆದರೆ ಹೊರದೇಶದ ಕಚೇರಿಗಳು ಮುಂದೊಮ್ಮೆ ಜನನ ಪತ್ರ ಕೇಳಿದಾಗ ಅದರಲ್ಲಿ ಬೇರೆ ದಿನ ಇದ್ದರೆ? ಪಾಸ್‌ಪೋರ್ಟಿನ ಜನ್ಮ ದಿನಾಂಕ ತಿದ್ದಿಸುವುದು ಹೆಸರು ತಿದ್ದಿಸುವುದಕ್ಕಿಂತ ದೊಡ್ಡ ರಗಳೆ. ತಿಳಿದೂ ಸುಳ್ಳು ಮಾಹಿತಿ ಕೊಟ್ಟರೆ 1967ರ ಪಾಸ್‌ಪೋರ್ಟ್ ಕಾಯ್ದೆಯ 12ನೇ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಸಜೆಯೂ ಉಂಟು.

ಗಡಿ ತಾಲ್ಲೂಕುಗಳದೇ ಆದ ಒಂದು ಸಂಗತಿ ಇಲ್ಲಿ ಸೇರುತ್ತದೆ. ಚೊಚ್ಚಲ ಬಾಣಂತನ ತವರಲ್ಲಿ. ತವರು ರಾಯದುರ್ಗದಲ್ಲೋ ಕಲ್ಯಾಣದುರ್ಗದಲ್ಲೋ ಇದ್ದರೆ ಮಗು ಹುಟ್ಟಿದ್ದು ಆಂಧ್ರಪ್ರದೇಶದಲ್ಲಿ. ಜನನ ನೋಂದಣಿ ಆಗುವುದು ಹುಟ್ಟಿದ ಸ್ಥಳದಲ್ಲೇ ಹೊರತು ಅಪ್ಪನ ಊರಿನಲ್ಲಲ್ಲ. ಮೊಳಕಾಲ್ಮೂರಿನ ತಾಲ್ಲೂಕು ಕಚೇರಿಯಲ್ಲಿ ಎಷ್ಟು ಹುಡುಕಿಸಿದರೂ ಸಿಗದ ಪತ್ರ ರಾಯದುರ್ಗದ ಪುಸ್ತಕದಲ್ಲಿ ತಣ್ಣಗೆ ಕೂತಿರುತ್ತದೆ. ಅದರಲ್ಲಿ ಮಗುವಿನ ಹೆಸರೇ ಬರೆಸಿರದಿದ್ದರೆ ಸೇರಿಸಲು ಹುಟ್ಟಿದ 15 ವರ್ಷದವರೆಗೆ ಅವಕಾಶವಿದೆ. ಜನನವನ್ನೇ ನೋಂದಾಯಿಸದೆ ವರ್ಷ ದಾಟಿದ್ದರೆ, 2023ರ ತಿದ್ದುಪಡಿಯ ನಂತರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಪಾಸ್‌ಪೋರ್ಟಿನ ಜನ್ಮಸ್ಥಳದ ಖಾನೆಯಲ್ಲೂ ರಾಯದುರ್ಗವೆಂದೇ ಇರಬೇಕು. 'ನಮ್ಮೂರು ಮೊಳಕಾಲ್ಮೂರಲ್ಲವೇ' ಎಂದು ಅಭಿಮಾನದಿಂದ ಬರೆದರೆ ಅದೂ ತಪ್ಪು ಮಾಹಿತಿಯೇ.

ಕಾನ್ಸುಲೇಟ್ ಮತ್ತು ಪೇದೆ

ಮ್ಯೂನಿಕ್‌ನ ಹುಡುಗನ ಬಳಿಗೆ ಮರಳೋಣ. ರಾಜಧಾನಿಯಲ್ಲಿರುವುದು ರಾಯಭಾರ ಕಚೇರಿ, ಉಳಿದ ದೊಡ್ಡ ನಗರಗಳಲ್ಲಿರುವುದು ಕಾನ್ಸುಲೇಟ್. ಜರ್ಮನಿಯಲ್ಲಿ ಬರ್ಲಿನ್‌ನಲ್ಲಿ ರಾಯಭಾರ ಕಚೇರಿ. ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟ್. ಒಂದೊಂದಕ್ಕೂ ಅದರದೇ ಸರಹದ್ದು. ವಾಸವಿರುವ ಊರು ಯಾರ ಸರಹದ್ದಿಗೆ ಬರುತ್ತದೋ ಅಲ್ಲಿಗೇ ಅರ್ಜಿ. ಆನ್‌ಲೈನಿನಲ್ಲಿ ಫಾರಂ ತುಂಬಿ, ಹಳೆಯ ಪಾಸ್‌ಪೋರ್ಟ್, ವಾಸದ ಪರವಾನಗಿ, ಅಲ್ಲಿನ ವಿಳಾಸದ ಪುರಾವೆ, ಹೇಳಿದ ಅಳತೆಯ ಫೋಟೊ ಕೊಡಬೇಕು. ಹಲವು ದೇಶಗಳಲ್ಲಿ ಅರ್ಜಿ ತೆಗೆದುಕೊಳ್ಳುವ ಕೆಲಸವನ್ನು ವಿಎಫ್‌ಎಸ್, ಬಿಎಲ್‌ಎಸ್‌ನಂಥ ಕಂಪನಿಗಳಿಗೆ ವಹಿಸಿದ್ದಾರೆ. ಪಾಸ್‌ಪೋರ್ಟ್ ಕೊಡುವ ಅಧಿಕಾರ ಮಾತ್ರ ಸರ್ಕಾರದ್ದೇ. ಜನ 'ನವೀಕರಣ' ಎಂದರೂ ಹಳೆಯದಕ್ಕೆ ಮುದ್ರೆ ಒತ್ತಿ ಕೊಡುವುದಿಲ್ಲ. ಬರುವುದು ಹೊಸ ಪುಸ್ತಕ, ಹೊಸ ನಂಬರು.

ಕೆಲವು ಅರ್ಜಿಗಳಿಗೆ ಭಾರತದ ವಿಳಾಸದಲ್ಲಿ ಪೊಲೀಸ್ ಪರಿಶೀಲನೆಯಾಗುತ್ತದೆ. ಮಗನ ಪಿಯುಸಿಗೆಂದು ಹಳ್ಳಿ ಬಿಟ್ಟು ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಹಿಡಿದವರು ಅರ್ಜಿಯಲ್ಲಿ ಯಾವ ವಿಳಾಸ ಕೊಟ್ಟಿದ್ದಾರೆಂದು ಮಗನನ್ನೇ ಕೇಳಿ ತಿಳಿದಿರಬೇಕು. ಆ ಮನೆಗೆ ಬೀಗ ಬಿದ್ದಿದ್ದರೆ ನೆರೆಯವರಿಗಾದರೂ ಹೇಳಿರಬೇಕು. ಅರ್ಜಿಯ ನಕಲು, ಹಳೆಯ ಪಾಸ್‌ಪೋರ್ಟಿನ ಜೆರಾಕ್ಸ್, ಕಾಲೇಜಿನ ಪತ್ರ ಮನೆಯಲ್ಲಿ ಸಿದ್ಧವಿದ್ದರೆ ಪೇದೆಗೂ ಸುಲಭ. ಅಜ್ಜಿಗೆ ಹೇಳಿಕೊಡಬೇಕಾದದ್ದು ಸುಳ್ಳನ್ನಲ್ಲ, ಪೂರ್ತಿ ನಿಜವನ್ನು: 'ಅವನ ಮನೆ ಇದೇ ಕಣಪ್ಪ, ಓದಾಕೆ ಹೋಗ್ಯಾನೆ.'

ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸರಲ್ಲಿ ದೂರು, ಆಮೇಲೆ ಕಾನ್ಸುಲೇಟ್. ತುರ್ತಾಗಿ ಊರಿಗೆ ಬರಲೇಬೇಕಾದರೆ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಭಾರತಕ್ಕೆ ಬರಲು ಮಾತ್ರ, ಮರಳಿ ಹೋಗಲು ನಡೆಯದು. 2022ರ ಫೆಬ್ರುವರಿ 24ರಂದು ಯುಕ್ರೇನಿನಲ್ಲಿ ಯುದ್ಧ ಶುರುವಾದಾಗ ಸುಮಾರು 22,500 ಭಾರತೀಯರು ಮರಳಿದರು. ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳು, ಕರ್ನಾಟಕದವರೂ ಅನೇಕರು. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಆಗ ಇಂಥ ಪತ್ರಗಳನ್ನೇ ಕೊಡುವ ಏರ್ಪಾಡು ಮಾಡಿದ್ದರು. ಇನ್ನೊಂದು ವಿಷಯ: ಪಾಸ್‌ಪೋರ್ಟ್ ವಿದ್ಯಾರ್ಥಿಯ ಸ್ವತ್ತೂ ಅಲ್ಲ, ಏಜೆಂಟನ ಸ್ವತ್ತೂ ಅಲ್ಲ. ಕಾಯ್ದೆಯ 17ನೇ ಕಲಮಿನ ಪ್ರಕಾರ ಅದು ಕೇಂದ್ರ ಸರ್ಕಾರದ್ದು. 'ನನ್ನ ಹತ್ತಿರವೇ ಇರಲಿ' ಎಂದು ಇಟ್ಟುಕೊಳ್ಳುವ ಏಜೆಂಟರಿಗೆ ಇದನ್ನು ಹೇಳಬಹುದು.

ಹೊಸ ಪುಸ್ತಕದ ಜೊತೆ ಮೂಲೆ ಕತ್ತರಿಸಿದ ಹಳೆಯದೂ ಬರುತ್ತದೆ. ರದ್ದಾಯಿತಲ್ಲ ಎಂದು ಅದನ್ನು ಎಸೆಯಬಾರದು. ಅಮೆರಿಕದ ವೀಸಾ ಹಳೆಯ ಪುಸ್ತಕದಲ್ಲಿದ್ದರೆ, ಅದರ ಅವಧಿ ಮುಗಿಯುವವರೆಗೂ ಎರಡನ್ನೂ ಒಟ್ಟಿಗೆ ತೋರಿಸಿ ಪ್ರಯಾಣ ಮಾಡಬಹುದು.