ಇವತ್ತು ಮೀನು ಎಷ್ಟು ಆಳದಲ್ಲಿದೆ?

ಹಾರೋಹಳ್ಳಿ ಕೈಗಾರಿಕಾ ಪ್ರದೇಶದಿಂದ ಕನಕಪುರ ದಾಟಿ ಮುಂದೆ ಹೋದರೆ ಅರ್ಕಾವತಿಗೆ ಕಟ್ಟಿದ ಹಾರೋಬೆಲೆ ಜಲಾಶಯ. ಪಡುವಣಕ್ಕೆ ತಿರುಗಿದರೆ ಚನ್ನಪಟ್ಟಣದ ಕಣ್ವ, ಬಡಗಣಕ್ಕೆ ಮಾಗಡಿ ಕಡೆಯ ಮಂಚನಬೆಲೆ. ರಜೆಯ ದಿನ ಗಾಳದ ಕೋಲು ಹಿಡಿದು ಇಂಥ ನೀರಿಗೆ ಹೋಗುವವರು ಮೊದಲು ಕೇಳುವುದು ‘ಜಾಗ ಯಾವುದು?’ ಅಂತ. ಬಲೆ ನಂಬಿ ಬದುಕುವ ಬೆಸ್ತರು ಅದಕ್ಕೆ ಮುಂಚೆ ಇನ್ನೊಂದು ಲೆಕ್ಕ ಹಾಕುತ್ತಾರೆ: ಮೀನು ಮೇಲಿದೆಯೋ, ಕೆಳಗಿದೆಯೋ?

ದೊಡ್ಡ ನೀರಿನಲ್ಲಿ ಮೀನು ಹಿಡಿಯುವ ವಿದ್ಯೆಯ ಮುಕ್ಕಾಲು ಪಾಲು ಈ ಲೆಕ್ಕವೇ. ಅಮೆರಿಕದ ಮಿಷಿಗನ್ ಸರೋವರದಲ್ಲಿ ಸಾಲ್ಮನ್ ಹಿಡಿಯಲು ಲಕ್ಷಾಂತರ ರೂಪಾಯಿಯ ಸಲಕರಣೆ ಹೇರಿಕೊಂಡು ಹೊರಡುವ ದೋಣಿಯವರೂ ಹುಡುಕುವುದು ಇದೇ ಉತ್ತರವನ್ನು. ಗಾಳಿ, ಬಿಸಿಲು, ಮಳೆ ಬದಲಾದಂತೆ ಉತ್ತರವೂ ಬದಲಾಗುತ್ತದೆ. ಹೇಗೆ ಬದಲಾಗುತ್ತದೆ, ಅದನ್ನು ತಿಳಿಯುವುದು ಹೇಗೆ ಎಂಬುದನ್ನು ನೋಡೋಣ.

ನೀರಿನ ಪದರಗಳು

ಒಲೆ ಹಚ್ಚದೆ ಬಿಟ್ಟ ಹಂಡೆಗೆ ಬಿಸಿನೀರನ್ನು ಮೆಲ್ಲಗೆ ಸುರಿದರೆ ಅದು ಮೇಲೆಯೇ ನಿಲ್ಲುತ್ತದಲ್ಲ, ಜಲಾಶಯದಲ್ಲಿ ಆಗುವುದೂ ಅದೇ. ಬಿಸಿಲಿಗೆ ಕಾದ ನೀರು ಹಗುರ, ತಣ್ಣನೆಯದು ಭಾರ. ಎರಡರ ನಡುವೆ, ಕೆಲವೇ ಅಡಿಗಳಲ್ಲಿ ಉಷ್ಣತೆ ದಿಢೀರನೆ ಇಳಿಯುವ ಒಂದು ಪಟ್ಟಿ ಏರ್ಪಡುತ್ತದೆ. ವಿಜ್ಞಾನಿಗಳು ಇದನ್ನು ಥರ್ಮೋಕ್ಲೈನ್ ಎನ್ನುತ್ತಾರೆ.

ಮಿಷಿಗನ್‌ನಂಥ ಚಳಿ ಸೀಮೆಯ ಆಳದ ಸರೋವರಗಳಲ್ಲಿ ಬೇಸಿಗೆ ಪೂರ್ತಿ ಈ ಪಟ್ಟಿ ಗಟ್ಟಿಯಾಗಿರುತ್ತದೆ. ಮೇಲೆ ಸುಮಾರು 20 ಡಿಗ್ರಿ ಸೆಲ್ಸಿಯಸ್, ತಳದಲ್ಲಿ ನಾಲ್ಕೈದು ಡಿಗ್ರಿ. ದಕ್ಷಿಣ ಭಾರತದ ಜಲಾಶಯಗಳಲ್ಲಿ ಉಷ್ಣತೆಯ ಪದರ ಅಷ್ಟು ಬಿಗಿಯಾಗಿ ನಿಲ್ಲುವುದು ಕಡಿಮೆ. ಇಲ್ಲಿ ಚಳಿಗಾಲದಲ್ಲೂ ನೀರು ಅಷ್ಟೇನೂ ತಣ್ಣಗಾಗುವುದಿಲ್ಲ, ಸಾಲದ್ದಕ್ಕೆ ಗಾಳಿ ಬಂದು ಕಲಕುತ್ತದೆ. ಹಾಗಾಗಿ ನಮ್ಮಲ್ಲಿ ಮೀನಿನ ಆಳವನ್ನು ನಿರ್ಧರಿಸುವುದು ಉಷ್ಣತೆಗಿಂತ ಹೆಚ್ಚಾಗಿ ನೀರಿನಲ್ಲಿ ಕರಗಿರುವ ಆಮ್ಲಜನಕ.

10 ಡಿಗ್ರಿಯ ನೀರು ಲೀಟರಿಗೆ 11 ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಗೆ ಕಾದರೆ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ಬೇಸಿಗೆಯ ನೀರಿನಲ್ಲಿ ಮೀನಿಗೆ ಉಸಿರಿನ ಬಂಡವಾಳವೇ ಕಡಿಮೆ ಎಂದಾಯಿತು. ಅದರ ಮೇಲೆ ಕೊಳೆ ಸೇರಿದರೆ ತಳದಲ್ಲಿ ಕೊಳೆಯುವ ಪದಾರ್ಥವೇ ಉಳಿದ ಆಮ್ಲಜನಕವನ್ನು ತಿಂದು ಹಾಕುತ್ತದೆ. ಬೆಂಗಳೂರಿನ ಚರಂಡಿ ನೀರನ್ನು ಹೊತ್ತು ಭೈರಮಂಗಲದ ಮೂಲಕ ಬರುವ ವೃಷಭಾವತಿ, ಹಾರೋಬೆಲೆಗೆ ಮೊದಲೇ ಅರ್ಕಾವತಿಯನ್ನು ಸೇರುತ್ತದೆ. ಇಂಥ ನೀರು ನಿಂತ ಕಡೆ ಪಾಚಿ ಹುಲುಸಾಗಿ ಬೆಳೆಯುತ್ತದೆ, ತಳದ ನೀರು ಉಸಿರುಗಟ್ಟುತ್ತದೆ. ಎಷ್ಟೇ ಆಳವಿದ್ದರೂ ಮೀನಿಗೆ ಬದುಕಲು ಸಿಗುವುದು ಮೇಲಿನ ಒಂದು ಪಾಲು ಮಾತ್ರ.

ಬಾಯಿ ನೋಡಿದರೆ ಆಳ ಗೊತ್ತು

ಆ ಪಾಲಿನೊಳಗೂ ಮೀನುಗಳು ಮಹಡಿ ಹಂಚಿಕೊಂಡಿವೆ. ಕಾಟ್ಲಾದ ಬಾಯಿ ಮೇಲ್ಮುಖ. ಅದು ಮೇಲ್ಪದರದಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್‌ಗೆ ಕೆಳಮುಖ ಬಾಯಿ, ತಳದ ಕೆಸರಿನಲ್ಲಿ ಮೇಯುತ್ತದೆ. ಕಾಮನ್ ಕಾರ್ಪ್ ಎಂಬ ಗೆಂಡೆಯೂ ತಳ ಕೆದಕುವುದೇ. ಜಿಲೇಬಿ ಎಂದು ಕರೆಯುವ ತಿಲಾಪಿಯಾ ದಡದ ಅಂಚಿನಲ್ಲಿ ಗೂಡು ಕಟ್ಟುತ್ತದೆ. ಕೊರವ ಮೀನು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲದು, ಆದ್ದರಿಂದ ಆಮ್ಲಜನಕ ಕಡಿಮೆಯಾದ ಜೊಂಡಿನಲ್ಲೂ ಅದು ಆರಾಮ.

ಕಾಟ್ಲಾ, ರೋಹು, ಮೃಗಾಲ್ ಮೂರೂ ಉತ್ತರ ಭಾರತದ ನದಿಗಳಿಂದ ಬಂದವು. ಹರಿವ ನದಿಯಲ್ಲಿ ಮೊಟ್ಟೆಯಿಡುವ ಜಾತಿ, ನಿಂತ ನೀರಿನಲ್ಲಿ ಸಾಮಾನ್ಯವಾಗಿ ಸಂತಾನವಾಗುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿ ಚುಚ್ಚುಮದ್ದಿನ ಮೂಲಕ ಈ ಗೆಂಡೆಗಳಿಂದ ಮೊಟ್ಟೆ ಇಡಿಸಿದ ಮೇಲೆ ದೇಶದ ಜಲಾಶಯಗಳಿಗೆ ಮರಿ ಬಿತ್ತುವುದು ಸುಲಭವಾಯಿತು. ಮಿಷಿಗನ್ ಸರೋವರದ ಸಾಲ್ಮನ್ ಕತೆಯೂ ಇಂಥದ್ದೇ. ಸಮುದ್ರದಿಂದ ಬಂದ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿದಾಗ ಅದನ್ನು ತಿನ್ನಲೆಂದು ಪೆಸಿಫಿಕ್ ಕಡೆಯ ಕೋಹೊ ಸಾಲ್ಮನ್ ಮರಿಗಳನ್ನು 1966ರಲ್ಲೂ, ಚಿನೂಕ್ ಮರಿಗಳನ್ನು 1967ರಲ್ಲೂ ಅಲ್ಲಿ ಬಿಟ್ಟರು. ಎರಡೂ ಕಡೆ ಮೀನು ಬಿತ್ತಿದ್ದು ಮನುಷ್ಯ. ಅದು ಯಾವ ಆಳದಲ್ಲಿ ನಿಲ್ಲಬೇಕೆಂದು ಹೇಳುವುದು ಮಾತ್ರ ನೀರು.

ಅಲ್ಲಿ ಗಾಳ ಓಡುತ್ತದೆ

ಮಿಷಿಗನ್ ಸರೋವರದ ಹರವು ಸುಮಾರು 58,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಪಾಲಿಗೆ ಸ್ವಲ್ಪ ಕಡಿಮೆ. ಅತಿ ಆಳವಾದ ಕಡೆ 281 ಮೀಟರ್. ಅಷ್ಟು ದೊಡ್ಡ ನೀರಿನಲ್ಲಿ ಒಂದೆಡೆ ಕೂತು ಗಾಳ ಹಾಕಿದರೆ ಕೆಲಸವಾಗದು. ದೋಣಿಯನ್ನು ಗಂಟೆಗೆ ಮೂರರಿಂದ ಐದು ಕಿಲೋಮೀಟರ್ ವೇಗದಲ್ಲಿ ಓಡಿಸುತ್ತ, ಹಿಂದೆ ಹಲವು ಗಾಳಗಳನ್ನು ಬೇರೆ ಬೇರೆ ಆಳದಲ್ಲಿ ಎಳೆದೊಯ್ಯುತ್ತಾರೆ. ಇದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. ಚಿನೂಕ್‌ಗೆ ಹಿತವಾದ ಉಷ್ಣತೆ 10ರಿಂದ 13 ಡಿಗ್ರಿ. ಅದು ಯಾವ ಆಳದಲ್ಲಿ ಸಿಗುತ್ತದೋ ಅಲ್ಲಿಗೆ ಗಾಳ ಇಳಿಯಬೇಕು.

ಇಳಿಸುವ ಸಾಧನ ಡೌನ್‌ರಿಗ್ಗರ್. ದೋಣಿಯ ಹಿಂಬದಿಯಲ್ಲಿ ಒಂದು ರಾಟೆ, ಅದಕ್ಕೆ ತಂತಿ, ತಂತಿಯ ತುದಿಗೆ ನಾಲ್ಕೈದು ಕಿಲೋ ತೂಕದ ಸೀಸದ ಗುಂಡು. ಗಾಳದ ದಾರವನ್ನು ತಂತಿಗೆ ಒಂದು ಕ್ಲಿಪ್‌ನಲ್ಲಿ ಸಿಕ್ಕಿಸಿ ಗುಂಡಿನೊಂದಿಗೆ ಕೆಳಗಿಳಿಸುತ್ತಾರೆ. ಮೀನು ಕಚ್ಚಿದೊಡನೆ ದಾರ ಕ್ಲಿಪ್‌ನಿಂದ ಕಳಚಿಕೊಳ್ಳುತ್ತದೆ. ಆಮೇಲೆ ಭಾರದ ತೊಡಕಿಲ್ಲದೆ ಮೀನಿನೊಡನೆ ನೇರ ಜಗ್ಗಾಟ. ದೋಣಿ ಓಡುವಾಗ ತಂತಿ ಹಿಂದಕ್ಕೆ ಓರೆಯಾಗುವುದರಿಂದ ಮೀಟರ್ ತೋರಿಸುವ ಆಳಕ್ಕಿಂತ ಗುಂಡು ಮೇಲೆಯೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅನುಭವಿಗಳು ದೋಣಿ ತಿರುಗುವಾಗ ಗಮನವಿಟ್ಟು ನೋಡುತ್ತಾರೆ. ತಿರುವಿನಲ್ಲಿ ಒಳಬದಿಯ ಗಾಳಗಳು ನಿಧಾನವಾಗಿ ಕೆಳಗಿಳಿಯುತ್ತವೆ, ಹೊರಬದಿಯವು ವೇಗ ಪಡೆದು ಮೇಲೇರುತ್ತವೆ. ಒಳಬದಿಗೆ ಮೀನು ಬಿದ್ದರೆ ವೇಗ ತಗ್ಗಿಸಿ ಅಥವಾ ಗಾಳ ಇಳಿಸಿ ಎಂದರ್ಥ. ಹೊರಬದಿಗೆ ಬಿದ್ದರೆ ತದ್ವಿರುದ್ಧ.

ಎಲ್ಲ ಲೆಕ್ಕವನ್ನೂ ತಲೆಕೆಳಗು ಮಾಡುವುದು ಗಾಳಿ. ದಡದಿಂದ ಒಳಕ್ಕೆ ಬಲವಾಗಿ ಬೀಸಿದರೆ ಮೇಲಿನ ಬೆಚ್ಚನೆಯ ನೀರು ನಡುಸರೋವರಕ್ಕೆ ತಳ್ಳಿಹೋಗಿ, ತಳದ ತಣ್ಣೀರು ದಡದ ಬಳಿ ಮೇಲೇಳುತ್ತದೆ. ನಿನ್ನೆ ಬಹಳ ಆಳದಲ್ಲಿದ್ದ ಸಾಲ್ಮನ್ ಇವತ್ತು ದಡದ ಹತ್ತಿರ ಎರಡು ಮಾರು ನೀರಿನಲ್ಲೇ ಸಿಗಬಹುದು. ನಿನ್ನೆಯ ಆಳಕ್ಕೆ ಗಾಳ ಇಳಿಸಿದವರು ಬರಿಗೈಯಲ್ಲಿ ಬರುತ್ತಾರೆ. ಶಿಕಾಗೊದಲ್ಲಿರುವ ಅಣ್ಣನೋ ಭಾವನೋ ನಿಮ್ಮನ್ನು ಬಾಡಿಗೆ ದೋಣಿಗೆ ಕರೆದೊಯ್ದರೆ ಚಾಲಕನನ್ನು ಮೊದಲು ಕೇಳಬೇಕಾದ ಮಾತು: ನಿನ್ನೆಯಿಂದ ಗಾಳಿ ಯಾವ ಕಡೆಯದು? ಶಿಕಾಗೊ ಇರುವ ಇಲಿನಾಯ್ ರಾಜ್ಯದಲ್ಲಿ ಮೀನುಗಾರಿಕೆ ಲೈಸೆನ್ಸ್ ಜೊತೆಗೆ ಸಾಲ್ಮನ್ ಸ್ಟ್ಯಾಂಪ್ ಕೂಡ ಬೇಕು.

ಇಲ್ಲಿ ಬಲೆ ನಿಲ್ಲುತ್ತದೆ

ನಮ್ಮ ತೆಪ್ಪ ದುಂಡಗಿನದು. ಒಂದೇ ಹುಟ್ಟಿನಲ್ಲಿ ಅದನ್ನು ನೇರ ಗೆರೆಯಲ್ಲಿ, ಒಂದೇ ವೇಗದಲ್ಲಿ ಓಡಿಸುವುದು ಕಷ್ಟ. ಮುಳುಗಿದ ಮರದ ಬೊಡ್ಡೆಗಳಿರುವ ಜಲಾಶಯದಲ್ಲಿ ಎಳೆಯುವ ಗಾಳ ಸಿಕ್ಕಿಕೊಳ್ಳುವುದೂ ಖಚಿತ. ಆದ್ದರಿಂದ ಇಲ್ಲಿ ಬಲೆಯನ್ನು ನಿಲ್ಲಿಸಿ, ಮೀನು ಓಡಾಡಲಿ ಎಂದು ಬಿಡುತ್ತಾರೆ.

ನೈಲಾನ್ ಬಲೆಯ ಮೇಲಂಚಿಗೆ ತೇಲುಬುರುಡೆ, ಕೆಳಅಂಚಿಗೆ ಭಾರ. ತೇಲುವ ಶಕ್ತಿ ಹೆಚ್ಚಿಸಿದರೆ ಬಲೆ ಮೇಲ್ಮೈಯಿಂದ ಇಳಿಬೀಳುತ್ತದೆ, ಕಾಟ್ಲಾಗೆ ಅದು ಸರಿ. ಭಾರ ಹೆಚ್ಚಿಸಿದರೆ ಬಲೆ ತಳದ ಮೇಲೆ ನಿಲ್ಲುತ್ತದೆ, ಮೃಗಾಲ್ ಮತ್ತು ಗೆಂಡೆಗೆ ಅದು ಸರಿ. ನಡುನೀರಿಗೆ ಬೇಕಾದರೆ ಬುರುಡೆಗೂ ಬಲೆಗೂ ನಡುವೆ ಒಂದೋ ಎರಡೋ ಮಾರು ಹಗ್ಗ ಬಿಡಬೇಕು. ಸಂಜೆ ಬಿಟ್ಟು ಬೆಳಗಿನ ಜಾವ ಎತ್ತುವುದು ವಾಡಿಕೆ. ಕತ್ತಲಲ್ಲಿ ಮೀನಿಗೆ ದಾರ ಕಾಣುವುದಿಲ್ಲ. ಹುಣ್ಣಿಮೆಯ ಆಸುಪಾಸಿನಲ್ಲಿ ತಿಳಿನೀರಿದ್ದರೆ ಆ ಅನುಕೂಲ ಕಡಿಮೆಯಾಗುತ್ತದೆ.

ಬಲೆ ಎತ್ತುವಾಗ ಮೀನನ್ನು ಬಿಡಿಸಿ ಬುಟ್ಟಿಗೆ ಹಾಕುವ ಮುನ್ನ ಒಂದು ಕ್ಷಣ ನೋಡಬೇಕು: ಅದು ಸಿಕ್ಕಿಕೊಂಡದ್ದು ಬಲೆಯ ಮೇಲಿನ ಕಣ್ಣುಗಳಲ್ಲೋ, ನಡುವೆಯೋ, ಕೆಳಗೋ? ಮೀನೆಲ್ಲ ಮೇಲಂಚಿನಲ್ಲೇ ಇದ್ದರೆ ಬಲೆಯನ್ನು ಇನ್ನಷ್ಟು ಮೇಲಕ್ಕೆ ಬಿಡಬೇಕಿತ್ತು. ಕೆಳಗಿನ ಭಾಗ ಪೂರ್ತಿ ಖಾಲಿಯಿದ್ದು, ಅಲ್ಲಿನ ದಾರಕ್ಕೆ ಕಪ್ಪು ಲೋಳೆ ಹತ್ತಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಲ್ಲಿ ಆಮ್ಲಜನಕ ಮುಗಿದಿದೆ ಎಂದರ್ಥ. ಯಂತ್ರದ ಸಹಾಯವಿಲ್ಲದೆ ಸಿಗುವ ಆಳದ ನಕ್ಷೆ ಇದು.

ಗಾಳ ಹಾಕುವವರು ಇದನ್ನು ಒಂದು ಗಾಜಿನ ಬಾಟಲಿಯಿಂದ ತಿಳಿಯಬಹುದು. ಬಾಟಲಿಯ ತಳಕ್ಕೆ ಕಲ್ಲು ಕಟ್ಟಿ, ಬಿರಡೆಗೆ ಬೇರೊಂದು ದಾರ ಬಿಗಿಯಿರಿ. ಕುತ್ತಿಗೆಗೆ ಕಟ್ಟಿದ ಹಗ್ಗದಲ್ಲಿ ಮಾರಿಗೊಂದು ಗಂಟು ಹಾಕಿ. ಬೇಕಾದ ಆಳಕ್ಕೆ ಇಳಿಸಿ ಬಿರಡೆಯ ದಾರ ಜಗ್ಗಿದರೆ ಆ ಆಳದ ನೀರೇ ತುಂಬಿಕೊಳ್ಳುತ್ತದೆ. ಮೇಲೆತ್ತಿ ಥರ್ಮಾಮೀಟರ್ ಅದ್ದಿ, ಮೂಸಿ ನೋಡಿ. ಪ್ರಯೋಗಾಲಯದವರು ಮೇಯರ್ ಬಾಟಲಿ ಎಂದು ಬಳಸುವುದು ಇದೇ ಉಪಾಯವನ್ನು.

ಹವೆ ಬದಲಾದಾಗ

ಆಷಾಢದ ಗಾಳಿ: ತೆಂಕಣ-ಪಡುವಣದಿಂದ ಬಿಡದೆ ಬೀಸುವ ಈ ಗಾಳಿ ಮೇಲ್ನೀರನ್ನೂ ಅದರಲ್ಲಿರುವ ಸೂಕ್ಷ್ಮಜೀವಿಗಳನ್ನೂ ಎದುರು ದಡಕ್ಕೆ ನೂಕುತ್ತದೆ. ಮೇವು ಹೋದ ಕಡೆ ಮೀನು. ಅಲೆ ಬಂದು ಬಡಿಯುವ ಮೂಡಣ ಮತ್ತು ಬಡಗಣ ದಡಗಳನ್ನು ನೋಡಿ. ನೀರು ಕಲಕಿರುವುದರಿಂದ ಆಳದಲ್ಲೂ ಉಸಿರಿರುತ್ತದೆ, ಹಾಗಾಗಿ ಮೀನು ಮೇಲಿನಿಂದ ಕೆಳಗಿನವರೆಗೂ ಹರಡಿರುತ್ತದೆ.

ಗಾಳಿಯಿಲ್ಲದ ಸೆಕೆ: ಏಪ್ರಿಲ್-ಮೇ ತಿಂಗಳಲ್ಲಿ ನೀರು ಪದರಗಟ್ಟುತ್ತದೆ. ತಳಕ್ಕೆ ಗಾಳ ಇಳಿಸಿ ಪ್ರಯೋಜನವಿಲ್ಲ. ಬೆಳಗ್ಗೆ ಮತ್ತು ಸಂಜೆ ಮೇಲ್ಪದರದಲ್ಲಿ ಪ್ರಯತ್ನಿಸಿ.

ಮೋಡ ಕವಿದ ದಿನಗಳ ಬೆಳಗಿನ ಜಾವ: ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ಅದನ್ನೇ ಹೀರುತ್ತದೆ. ಬಿಸಿಲಿಲ್ಲದ ದಿನಗಳು ಸಾಲಾಗಿ ಬಂದರೆ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಉಸಿರೇ ಉಳಿದಿರುವುದಿಲ್ಲ. ಮೀನುಗಳು ಬಾಯಿ ತೆರೆದು ಮೇಲ್ಮೈಗೆ ಬಂದು ನಿಲ್ಲುತ್ತವೆ. ಅವು ಹಸಿದಿಲ್ಲ, ಉಸಿರುಗಟ್ಟಿವೆ. ಗಾಳ ಮುಟ್ಟುವುದಿಲ್ಲ. ಸತ್ತು ತೇಲಿದ ಮೀನನ್ನು ತಂದು ತಿನ್ನಬೇಡಿ, ಮೀನುಗಾರಿಕೆ ಇಲಾಖೆಗೆ ತಿಳಿಸಿ.

ಹೊಸ ನೀರು: ಮೊದಲ ಜೋರು ಮಳೆಯ ಕೆಂಪು ನೀರು ಹುಳುಹುಪ್ಪಟೆ ಹೊತ್ತು ತರುತ್ತದೆ. ಗೆಂಡೆಗಳು ಹೊಳೆ ಬಂದು ಸೇರುವ ಬಾಯಿಗೂ ಹೊಸದಾಗಿ ಮುಳುಗಿದ ಹುಲ್ಲಿನ ಅಂಚಿಗೂ ನುಗ್ಗುತ್ತವೆ. ಕದಡಿದ ನೀರಿನಲ್ಲಿ ಕಣ್ಣಿಗಿಂತ ವಾಸನೆ ಮುಖ್ಯ. ಹೊಳೆಯುವ ಕೃತಕ ಮೀನು ಒಳಗಿಟ್ಟು ರಾಗಿ ಮುದ್ದೆ, ಎರೆಹುಳು ಹೊರತೆಗೆಯಿರಿ. ಕೆಲವು ಮೀನುಗಳಿಗೆ ಇದು ಮೊಟ್ಟೆಯಿಡುವ ಕಾಲವೂ ಹೌದು. ಇಲಾಖೆ ನಿಷೇಧ ಹೊರಡಿಸಿದ್ದರೆ ಪಾಲಿಸಿ.

ತೂಬು ತೆಗೆದಾಗ: ಮಟ್ಟ ಇಳಿಯತೊಡಗಿದರೆ ಮೀನು ದಡದ ಕೊಲ್ಲಿಗಳನ್ನು ಬಿಟ್ಟು ಹಳೆಯ ಹೊಳೆಪಾತ್ರದ ಆಳಕ್ಕೆ ಸರಿಯುತ್ತದೆ. ಗಾಳವೂ ಅತ್ತ ಸರಿಯಬೇಕು.

ಎರಡು ಕೋಲಿದ್ದರೆ ಎರಡನ್ನೂ ಒಂದೇ ಆಳದಲ್ಲಿ ಇಡಬೇಡಿ. ಒಂದು ಮೇಲೆ, ಒಂದು ಕೆಳಗೆ ಇಟ್ಟು ಶುರುಮಾಡಿ, ಮೀನು ಕಚ್ಚಿದ ಆಳಕ್ಕೆ ಇನ್ನೊಂದನ್ನೂ ತನ್ನಿ. ಸಿಗದಿದ್ದರೆ ಮೊದಲು ಆಳ ಬದಲಿಸಿ, ಆಮೇಲೆ ಮೇವು, ಕೊನೆಗೆ ಜಾಗ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.

ಹೊರಡುವ ಮುನ್ನ

ಕೆರೆ, ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆ ಅಥವಾ ಪರವಾನಗಿಯಲ್ಲಿ ಇನ್ನೊಬ್ಬರದಾಗಿರುತ್ತದೆ. ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪಡೆದೇ ಗಾಳ ಹಾಕಿ. ಸಂಗಮ, ಮೇಕೆದಾಟು ಕಡೆಯ ನೀರು 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ್ದು. ಅಲ್ಲಿನ ದೊಡ್ಡ ಮಹಶೀರ್, ಅಂದರೆ ಬಿಳಿಮೀನು, 2018ರಿಂದ ಅಳಿವಿನ ಅತ್ಯಂತ ಗಂಭೀರ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ. ಅಲ್ಲಿಗೆ ಗಾಳ ಒಯ್ಯಬೇಡಿ. ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಹಿಡಿಯುವುದಂತೂ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧ.

ಹವೆಯ ವಿಷಯದಲ್ಲಿ ಮಿಷಿಗನ್ ಸರೋವರ ದುಬಾರಿ ಪಾಠ ಕಲಿಸಿದೆ. ಕೋಹೊ ಬಿಟ್ಟ ಮರುವರ್ಷ, 1967ರ ಸೆಪ್ಟೆಂಬರ್ 23ರಂದು, ಸಾಲ್ಮನ್ ಆಸೆಗೆ ಸಣ್ಣ ದೋಣಿಗಳಲ್ಲಿ ನೀರಿಗಿಳಿದಿದ್ದವರ ಮೇಲೆ ಬಿರುಗಾಳಿ ಎರಗಿ 7 ಮಂದಿ ಸತ್ತರು. ತೆಪ್ಪ ಅಂಥ ದೋಣಿಗಳಿಗಿಂತಲೂ ಹಗುರ. ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಎದುರು ದಡದ ನೀರು ಕಪ್ಪಿಟ್ಟು ಸುಕ್ಕುಗಟ್ಟುತ್ತ ಬಂದರೆ ಗಾಳಿ ಹತ್ತಿರವಿದೆ. ಮೀನು ಕಚ್ಚುತ್ತಿದ್ದರೂ ಆಗಲೇ ದಾರ ಸುತ್ತಿಕೊಂಡು ದಡ ಸೇರಬೇಕು.