ಬೇಸಾಯಗಾರನು ಕೊಳ್ಳತಕ್ಕ ಮೊದಲ ಬಂದೂಕು

ಕಡಲೆಕಾಯಿ ಕಾಯಿಕಟ್ಟುವ ಕಾಲ ಬಂದಿತೆಂದರೆ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನಿಗೆ ರಾತ್ರಿಯ ನಿದ್ರೆ ಇಲ್ಲವೆಂದೇ ತಿಳಿಯತಕ್ಕದ್ದು. ಮಳೆ ಕಡಿಮೆಯಾದ ಈ ನೆಲದಲ್ಲಿ ಬಿತ್ತಿದ ಬೀಜ ಹುಟ್ಟುವುದು ಒಂದು ಭಾಗ್ಯ. ಹುಟ್ಟಿದ ಬೆಳೆ ಮನೆಗೆ ಬರುವುದು ಇನ್ನೊಂದು ಭಾಗ್ಯ. ಕಾಡುಹಂದಿಯ ಹಿಂಡು ಗುಡ್ಡದಿಂದಿಳಿದು ಹೊಲಕ್ಕೆ ನುಗ್ಗಿದರೆ, ತಿನ್ನುವುದಕ್ಕಿಂತ ಹೆಚ್ಚಾಗಿ ಮೂತಿಯಿಂದ ಉತ್ತು ಕೆಡವಿ ಹೋಗುತ್ತದೆ. ಬೆಳಗಾದ ಮೇಲೆ ರೈತನಿಗೆ ಉಳಿಯುವುದು ಬಾಡಿದ ಬಳ್ಳಿ ಮತ್ತು ಸಾಲದ ಲೆಕ್ಕ.

ಹೋದ ವರ್ಷ ಇಂಥದೊಂದು ಬೆಳಗಿನ ಮರುದಿನ ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರು ಮೊಳಕಾಲ್ಮೂರಿನ ಕಡೆಯಿಂದ ನಮ್ಮ ಮನೆಗೆ ಬಂದರು. ಕಾಲೇಜಿನ ಎನ್.ಸಿ.ಸಿ. ದಳದ ಹೊಣೆಯನ್ನು ನಾವು ಕೆಲವು ವರ್ಷ ಹೊತ್ತಿದ್ದುದರಿಂದ, ಬಂದೂಕಿನ ವಿಷಯ ಬಲ್ಲೆವೆಂದು ಅವರ ನಂಬಿಕೆ. "ಮೇಷ್ಟ್ರೇ, ಜೋಡೆತ್ತು ಮಾರ್ತೀನಿ. ಇದ್ದುದರಲ್ಲಿ ಒಳ್ಳೇ ರೈಫಲ್ ಯಾವುದು ಅಂತ ಹೇಳಿ. ಹೊಲಕ್ಕೂ ಆಯ್ತು, ವರ್ಷಕ್ಕೊಂದು ಬೇಟೆಗೂ ಆಯ್ತು" ಎಂದರು. "ಯಜಮಾನರೇ, ಎತ್ತು ಮಾರುವ ಮೊದಲು ಒಂದು ಗಂಟೆ ಕೂತು ಮಾತಾಡೋಣ" ಎಂದೆವು. ಆ ಒಂದು ಗಂಟೆಯ ಮಾತನ್ನೇ ಇಲ್ಲಿ ಕೊಂಚ ವಿಸ್ತರಿಸಿ ಹೇಳುತ್ತೇವೆ. ಅದೇ ಸ್ಥಿತಿಯಲ್ಲಿರುವ ಇತರರಿಗೂ ಉಪಯೋಗವಾದೀತು.

ಮೊದಲು ಬೇಟೆಯ ಮಾತು. ಇದು ಬೇಡ ಪಾಳೆಯಗಾರರು ಆಳಿದ ನಾಡು. ಮ್ಯಾಸನಾಯಕರ ಹಟ್ಟಿಗಳಲ್ಲಿ ಬೇಟೆಯು ಬರಿಯ ವಿನೋದವಾಗಿರದೆ ಕುಲಾಚಾರದ ಒಂದು ಅಂಗವಾಗಿತ್ತು. ಮೈಸೂರು ಸಂಸ್ಥಾನವು 1901ರಲ್ಲಿಯೇ ಬೇಟೆ ಮತ್ತು ಮೀನುಗಳ ಸಂರಕ್ಷಣೆಗೆ ಒಂದು ರೆಗ್ಯುಲೇಷನ್ನನ್ನು ಮಾಡಿ, ಇಷ್ಟಬಂದಂತೆ ಕೊಲ್ಲುವುದಕ್ಕೆ ಕಟ್ಟು ಹಾಕಿತು. ಸ್ವತಂತ್ರ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನವು ಬಂದಿತು. 1991ರ ತಿದ್ದುಪಡಿಯು ಬೇಟೆಯ ಪರವಾನಗಿಗಳನ್ನೇ ತೆಗೆದುಹಾಕಿತು. ಆದಕಾರಣ ಹವ್ಯಾಸಕ್ಕೆಂದು ಬೇಟೆಯಾಡುವುದು ಈಗ ಅಪರಾಧ. ಕಾವಲುಗಳಲ್ಲಿ ಕಾಣುವ ಕೃಷ್ಣಮೃಗವೂ ಗುಡ್ಡಗಳ ಕರಡಿಯೂ ಮೊದಲನೆಯ ಅನುಸೂಚಿಗೆ ಸೇರಿದವು. ಇವುಗಳಲ್ಲಿ ಒಂದನ್ನು ಕೊಂದವನಿಗೆ 3ರಿಂದ 7 ವರ್ಷಗಳ ಕಾರಾಗೃಹವುಂಟು. ಅವು ಬೆಳೆ ಮೇಯ್ದವೆಂಬ ಕಾರಣವು ಇಲ್ಲಿ ಸಲ್ಲದು. ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1892ರಲ್ಲಿ ಬಿ. ಎಲ್. ರೈಸ್ ಅವರು ಕಂಡುಹಿಡಿದ ಅಶೋಕನ ಶಾಸನವು, ತಂದೆತಾಯಿಗಳ ಸೇವೆ ಮತ್ತು ಸತ್ಯಗಳ ಜೊತೆಗೆ ಪ್ರಾಣಿಗಳ ವಿಷಯದಲ್ಲಿ ದೃಢವಾದ ದಯೆಯನ್ನೂ ವಿಧಿಸುತ್ತದೆ. ಬೇಟೆಯ ನಾಡಿಗೆ ಈ ಮಾತು ಹೊಸದಲ್ಲವೆಂದು ಇದರಿಂದ ತಿಳಿಯುತ್ತದೆ.

ಬೇಟೆ ಹೋಯಿತು, ಬೆಳೆಯ ರಕ್ಷಣೆ ಉಳಿಯಿತು. ಇದಕ್ಕೆ ಶಾಸನವು ದಾರಿಯನ್ನು ಮುಚ್ಚಿಲ್ಲ. 1959ರ ಆಯುಧ ಶಾಸನದ 13ನೆಯ ಪ್ರಕರಣವು, ನಿಜವಾದ ಬೆಳೆರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡುವುದನ್ನು ಹೇಳುತ್ತದೆ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಅಂಗುಲಕ್ಕೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬೇರೆ ಬಂದೂಕಿಗೂ ಕೊಡಬಹುದು. ರೈಫಲ್ಲಿನ ಹೆಸರು ಇಲ್ಲಿಲ್ಲ. ಹೀಗಾಗಿ ನಮ್ಮ ಮಿತ್ರರ ಪ್ರಶ್ನೆಯ ಅರ್ಧಭಾಗವು ಅಂಗಡಿಗೆ ಹೋಗುವ ಮೊದಲೇ ತೀರ್ಮಾನವಾದಂತಾಯಿತು.

ಶಾಸನವು ಹೀಗೆ ವಿಂಗಡಿಸಿರುವುದರಲ್ಲಿ ವಿವೇಕವುಂಟು. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಗೀರುಗಳನ್ನು ಕೊರೆದಿರುತ್ತಾರೆ. ಗುಂಡು ಅವುಗಳಲ್ಲಿ ತಿರುಗುತ್ತ ಹೊರಟು, ಬುಗುರಿಯಂತೆ ಸ್ಥಿರವಾಗಿ ಬಹುದೂರ ಸಾಗುತ್ತದೆ. ನಮ್ಮ ಸರ್ಕಾರಿ ಕಾರ್ಖಾನೆಗಳಲ್ಲಿ ತಯಾರಾಗುವ .315 ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಮೈಲಿಗೂ ಮಿಕ್ಕಿ ಹೋಗಬಲ್ಲದು. ಎನ್.ಸಿ.ಸಿ.ಯ ಹುಡುಗರು ಅಭ್ಯಾಸಮಾಡುವ ಪುಟ್ಟ .22 ಗುಂಡು ಕೂಡ ಒಂದು ಮೈಲಿಯೊಳಗೆ ಅಪಾಯಕರವೇ. ಚಳ್ಳಕೆರೆಯ ಬಯಲಿನಲ್ಲಿ ಅದನ್ನು ತಡೆಯುವ ಮರವಿಲ್ಲ, ದಿಣ್ಣೆಯಿಲ್ಲ. ಆಚೆಗೆ ಇನ್ನೊಬ್ಬ ರೈತನ ಅಟ್ಟಣೆಯೋ ಕುರಿಹಟ್ಟಿಯೋ ಇರುತ್ತದೆ. ನಯವಾದ ನಳಿಗೆಯಿಂದ ಹೊರಟ ಸಣ್ಣ ಚರೆಯಾದರೋ ಸುಮಾರು 300 ಗಜದೊಳಗೆ ನೆಲಕ್ಕೆ ಬೀಳುತ್ತದೆ. ದಪ್ಪ ಚರೆ ಇನ್ನೂ ಮುಂದೆ ಹೋಗುವುದಾದರೂ ರೈಫಲ್ಲಿನ ಗುಂಡಿಗೆ ಸಮನಲ್ಲ.

ಇನ್ನು ಆಯ್ಕೆ. ಮೂರು ಬಗೆಗಳು ರೈತನ ಮುಂದೆ ಇವೆ.

ಮೊದಲನೆಯದು ಕೇಪಿನ ಕೋವಿ. ಬಾಯಿಯಿಂದ ಮದ್ದು, ಬಟ್ಟೆ, ಚರೆಗಳನ್ನು ಗಜದಿಂದ ಜಡಿದು, ಕೇಪನ್ನಿಟ್ಟು ಹಾರಿಸತಕ್ಕದ್ದು. ಬೆಲೆಯಲ್ಲಿ ಇದು ಹಗುರ. ಶಬ್ದವಂತೂ ದೊಡ್ಡದು, ಹಿಂಡನ್ನು ಬೆದರಿಸಿ ಓಡಿಸುವುದೇ ಉದ್ದೇಶವಾದಲ್ಲಿ ಬರಿಯ ಮದ್ದಿನ ಈಡೇ ಸಾಕು. ಕುಂದುಗಳೆಂದರೆ, ಎರಡನೆಯ ಈಡಿಗೆ ಹೊತ್ತು ಹಿಡಿಯುತ್ತದೆ. ತೇವ ತಗುಲಿದರೆ ಹಾರದು. ಕತ್ತಲಲ್ಲಿ ಗಾಬರಿಯಿಂದ ಎರಡು ಬಾರಿ ಮದ್ದು ತುಂಬಿದರೆ ನಳಿಗೆ ಒಡೆದೀತು. ಕಪ್ಪುಮದ್ದಿನ ಮಸಿಯು ನೀರನ್ನು ಹೀರಿ ಕಬ್ಬಿಣವನ್ನು ತಿನ್ನುವುದರಿಂದ, ಹಾರಿಸಿದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು.

ಎರಡನೆಯದು ಒಂಟಿನಳಿಗೆಯ ತೋಟಾ ಬಂದೂಕು; ಮೂರನೆಯದು ಜೋಡುನಳಿಗೆಯದು. ಸಾಮಾನ್ಯವಾಗಿ ಇವು 12 ಬೋರಿನವು. ಒಂದು ಪೌಂಡು ಸೀಸವನ್ನು 12 ಸಮಭಾಗ ಮಾಡಿ ಗುಂಡಾಗಿಸಿದರೆ, ಆ ಗುಂಡು ಹಿಡಿಸುವ ನಳಿಗೆ 12 ಬೋರು. ಅಡ್ಡಳತೆ ಸುಮಾರು 18.5 ಮಿಲಿಮೀಟರ್. ಒಂಟಿನಳಿಗೆಯದು ಹಗುರ, ಸರಳ, ಬೆಲೆಯೂ ಕಡಿಮೆ; ತೆರೆದು ನೋಡಿದ ಕೂಡಲೆ ತೋಟಾ ಇದೆಯೋ ಇಲ್ಲವೋ ಹೊಸಬನಿಗೂ ತಿಳಿಯುತ್ತದೆ. ಜೋಡುನಳಿಗೆಯಲ್ಲಿ ಎರಡನೆಯ ಈಡು ಸಿದ್ಧವಾಗಿರುವುದೊಂದು ಲಾಭ. ಆದರೆ ಎರಡು ಯಂತ್ರಗಳಿಗೆ ಬೆಲೆ ತೆರಬೇಕಾದುದರಿಂದ, ಸೋವಿಯಾದ ಜೋಡುನಳಿಗೆಗಿಂತ ಅದೇ ಹಣಕ್ಕೆ ದೊರೆಯುವ ಗಟ್ಟಿಯಾದ ಒಂಟಿನಳಿಗೆಯೇ ಮೇಲೆಂಬುದು ನಮ್ಮ ಅಭಿಪ್ರಾಯ.

ಹಳೆಯ ಬಂದೂಕನ್ನು ಕೊಳ್ಳುವವನು ಪರವಾನಗಿಯುಳ್ಳ ವ್ಯಾಪಾರಿಯಲ್ಲಿಯೇ ಕೊಳ್ಳತಕ್ಕದ್ದು. ಬರಿದಾಗಿದೆಯೆಂದು ಖಚಿತಪಡಿಸಿಕೊಂಡು ನಳಿಗೆಯನ್ನು ಬಿಚ್ಚಿ, ಬೆಳಕಿನ ಕಡೆ ಹಿಡಿದು ಒಳಗೆ ನೋಡಬೇಕು. ಬೆಳಕಿನ ಉಂಗುರಗಳು ದುಂಡಗೆ ಒಂದರೊಳಗೊಂದು ಕಂಡರೆ ನೇರವಾಗಿದೆ; ಉಂಗುರ ಸೊಟ್ಟಗಾದಲ್ಲಿ ತಗ್ಗು ಬಿದ್ದಿದೆ; ಕಪ್ಪು ಚುಕ್ಕೆಗಳಿದ್ದರೆ ತುಕ್ಕು ತಿಂದಿದೆ. ಜೋಡಿಸಿ, ಮುಂಗೈಯ ಮರವನ್ನು ತೆಗೆದು, ಬುಡವನ್ನು ಹಿಡಿದು ಅಲುಗಿಸಿದರೆ ಗಡಗಡ ಎನ್ನಕೂಡದು. ನಳಿಗೆಯ ಮೇಲೆ ಪರೀಕ್ಷೆಯ ಮುದ್ರೆಗಳು ಇರಬೇಕು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಬೆಸೆದ ಡಮಾಸ್ಕಸ್ ನಳಿಗೆಯು ನೋಟಕ್ಕೆ ಅಂದ. ಈಗಿನ ಹೊಗೆಯಿಲ್ಲದ ಮದ್ದಿನ ತೋಟಾಕ್ಕೆ ಅದು ತಕ್ಕುದಲ್ಲ. ತೋಟಾ ಕೂರುವ ಕೋಣೆಯ ಉದ್ದವು ಹಳೆಯ ಇಂಗ್ಲಿಷ್ ಬಂದೂಕುಗಳಲ್ಲಿ 2½ ಅಂಗುಲ. ಅದರಲ್ಲಿ 2¾ ಅಂಗುಲದ ತೋಟಾ ತುಂಬುವುದು ಅಪಾಯ.

ನಳಿಗೆಯ ಬಾಯಿಯನ್ನು ಕೊಂಚ ಕಿರಿದು ಮಾಡುವುದಕ್ಕೆ ಚೋಕ್ ಎನ್ನುತ್ತಾರೆ. ಪೂರ್ಣ ಚೋಕಿನ ನಳಿಗೆಯು 40 ಗಜದಲ್ಲಿ 30 ಅಂಗುಲದ ವೃತ್ತದೊಳಗೆ ನೂರಕ್ಕೆ ಸುಮಾರು 70 ಚರೆಗಳನ್ನು ಹಾಕುತ್ತದೆ. ಚೋಕಿಲ್ಲದ್ದು ಸುಮಾರು 40ನ್ನು ಮಾತ್ರ. ಹೊಲದ ಬದುವಿನ ಸಮೀಪದ ಕೆಲಸಕ್ಕೆ ಮಿತವಾದ ಚೋಕ್ ಸಾಕು. ಎಲ್ಲಕ್ಕಿಂತ ಮುಖ್ಯವಾದುದು ಮೈಗೆ ಒಪ್ಪುವುದು. ಬುಡವನ್ನು ಮೊಳಕೈಯ ಮಡಿಕೆಯಲ್ಲಿಟ್ಟರೆ ತೋರುಬೆರಳು ಸಹಜವಾಗಿ ಟ್ರಿಗರನ್ನು ಮುಟ್ಟಬೇಕು. ಕಣ್ಣು ಮುಚ್ಚಿ ಹೆಗಲಿಗೇರಿಸಿ ಕಣ್ಣು ತೆರೆದಾಗ ನೋಟವು ನಳಿಗೆಯ ನೇರಕ್ಕೆ ಇದ್ದರೆ, ಅದು ನಿಮ್ಮ ಬಂದೂಕು. ಹೆಸರುವಾಸಿಯಾದ ತಯಾರಕನ ಮುದ್ರೆಗಿಂತ ಇದು ಹೆಚ್ಚು.

ಹಣದ ಲೆಕ್ಕದಲ್ಲಿ ಬಂದೂಕೊಂದೇ ಅಲ್ಲ. ಬೀಗವುಳ್ಳ ಕಬ್ಬಿಣದ ಪೆಟ್ಟಿಗೆ, ತೋಟಾ, ಎಣ್ಣೆ, ಅಭ್ಯಾಸ, ಇವುಗಳಿಗೂ ಮೊದಲೇ ತೆಗೆದಿಡಬೇಕು. 2016ರ ನಿಯಮಗಳಂತೆ ಸುರಕ್ಷತೆಯ ತರಬೇತಿಯೂ ವೈದ್ಯರ ಪ್ರಮಾಣಪತ್ರವೂ ಅಗತ್ಯ. ಅರ್ಜಿಯ ಮೇಲೆ ಪೊಲೀಸ್ ಠಾಣೆಯ ವರದಿ ಹೋಗುತ್ತದೆ. 2019ರ ತಿದ್ದುಪಡಿಯಿಂದ ಪರವಾನಗಿಯ ಅವಧಿ 5 ವರ್ಷವಾಗಿದೆ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಬೇಕಾಗಿ ಬರುವುದೂ ಉಂಟು.

ಒಂದು ಮಾತನ್ನು ಒತ್ತಿ ಹೇಳಬೇಕು. ಬಂದೂಕಿನ ಪರವಾನಗಿಯು ಹಂದಿಯನ್ನು ಕೊಲ್ಲುವ ಅಪ್ಪಣೆಯಲ್ಲ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರವಿತ್ತವರ ಲಿಖಿತ ಆಜ್ಞೆ ಬೇಕು. ಹೊಲದ ಸುತ್ತ ವಿದ್ಯುತ್ತಿನ ತಂತಿಯೆಳೆಯುವುದು, ಸಿಡಿಮದ್ದಿಡುವುದು, ಇವು ಹಂದಿಗಿಂತ ಮೊದಲು ದನವನ್ನೋ ಮನುಷ್ಯನನ್ನೋ ಬಲಿ ತೆಗೆದುಕೊಳ್ಳುತ್ತವೆ. ನಷ್ಟವಾದಲ್ಲಿ ಅರಣ್ಯ ಇಲಾಖೆಗೆ ಕೂಡಲೆ ತಿಳಿಸಿ ಪರಿಹಾರಕ್ಕೆ ಅರ್ಜಿ ಹಾಕಬೇಕು.

ನಮ್ಮ ಬಾಲ್ಯದಲ್ಲಿ ನಮ್ಮೂರಿನ ರೈತರೊಬ್ಬರು ಜೋಳದ ಹೊಲದಲ್ಲಿ ರಾತ್ರಿ ಕಾವಲು ಕೂತಿದ್ದರು. ಪರವಾನಗಿಯಿದ್ದ, ಒಳ್ಳೆಯ ಬಂದೂಕೇ. ತೆನೆಗಳು ಅಲುಗಿದವು, ಹಾರಿಸಿದರು. ಬಂದವನು ಬುತ್ತಿ ಹೊತ್ತ ಅವರ ತಮ್ಮ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಅಣ್ಣತಮ್ಮಂದಿರು ಮುಂದೆಯೂ ಒಂದೇ ಮನೆಯಲ್ಲಿ ಬಾಳಿದರು. ಅಣ್ಣನು ಮಾತ್ರ ತಮ್ಮನ ಮುಂದೆ ಎಂದೂ ಕೂತು ಉಣ್ಣಲಿಲ್ಲ. ದೀಪ ಬಿಟ್ಟು ಪ್ರಾಣಿಯನ್ನು ಪೂರ್ಣವಾಗಿ ಕಾಣುವವರೆಗೂ, ಅದರ ಹಿಂದೆ ಏನಿದೆಯೆಂದು ತಿಳಿಯುವವರೆಗೂ ಬೆರಳು ಟ್ರಿಗರಿಗೆ ಹೋಗಕೂಡದೆಂದು ನಾವು ಎನ್.ಸಿ.ಸಿ. ಹುಡುಗರಿಗೆ ಹೇಳುವಾಗಲೆಲ್ಲ ಆ ಮನೆಯೇ ನೆನಪಿಗೆ ಬರುತ್ತದೆ.

ಇದನ್ನೂ ಆ ದಿನ ಯಜಮಾನರಿಗೆ ಹೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಎತ್ತು ಇರ್ಲಿ ಬಿಡಿ" ಎಂದು ಎದ್ದರು. ಕೇಪಿನ ಕೋವಿಗೆ ಅರ್ಜಿ ಹಾಕಿದ್ದಾರೆ. ಅಕ್ಕಪಕ್ಕದ ಇಬ್ಬರು ರೈತರೊಡನೆ ಸೇರಿ ಒಂದು ಅಟ್ಟಣೆ ಕಟ್ಟಿ, ಎರಡು ನಾಯಿ ಸಾಕಿ, ಸರದಿಯ ಮೇಲೆ ಕಾವಲಿರಲು ಗೊತ್ತುಮಾಡಿಕೊಂಡಿದ್ದಾರೆ. ಅರ್ಜಿಗೆ ಉತ್ತರ ಇನ್ನೂ ಬಂದಿಲ್ಲ. ಈ ವರ್ಷದ ಬಿತ್ತನೆ ಆ ಎತ್ತುಗಳಿಂದಲೇ ಮುಗಿದಿದೆ.